ಕಾಕಾನ ಯಂತ್ರದ ಪ್ರೈಮರ್ ಬಲ್ಬ್

ಬಸವಕಲ್ಯಾಣದ ಅಂಗಡಿಯವನು ನನ್ನ ಕೈಗಿಟ್ಟ ಬಲ್ಬ್ ಬಾರಿಹಣ್ಣಿನಷ್ಟೇ ಇತ್ತು. ಒಳಗಿನದು ಕಾಣುವಂಥ ತಿಳಿ ರಬ್ಬರು. ಒತ್ತಿದೆ, ಫುಸ್ ಎಂದು ಗಾಳಿ ಬಿಟ್ಟು ಮತ್ತೆ ಉಬ್ಬಿತು. ಅಂಗಡಿಯ ತುಂಬ ಎಣ್ಣೆ ಬೆರೆಸಿದ ಪೆಟ್ರೋಲಿನ ವಾಸನೆ... ಸುಗ್ಗಿಯ ದಿನಗಳಲ್ಲಿ ಕಾಕಾನ ಅಂಗಿಗೂ ಇದೇ ವಾಸನೆ ಇರುತ್ತಿತ್ತು.

ದುಬಲಗುಂಡಿಯಲ್ಲಿ ಕಾಕಾನದು ನಮ್ಮ ಪಕ್ಕದ ಮನೆ. ಹೆಗಲಿಗೆ ಹಾಕಿಕೊಂಡು ಸೋಯಾ ಕೊಯ್ಯುವ ಸಣ್ಣ ಯಂತ್ರವೊಂದು ಅವನ ಹತ್ತಿರ ಇತ್ತು. ಅದರ ಕಾರ್ಬೊರೇಟರಿನ ಕೆಳಗೆ ಇಂಥದೇ ಪ್ರೈಮರ್ ಬಲ್ಬ್. ಒತ್ತಿದರೆ ಒಳಗಿನ ಗಾಳಿ ಟ್ಯಾಂಕಿನ ಕಡೆ ಹೋಗುತ್ತದೆ. ಬೆರಳು ತೆಗೆದರೆ ಬಲ್ಬ್ ಉಬ್ಬುತ್ತ ಕಾರ್ಬೊರೇಟರಿನ ಮೂಲಕ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ; ಬಂದದ್ದು ಹಿಂದಕ್ಕೆ ಹೋಗದಂತೆ ಒಳಗೊಂದು ಪರದೆ ಇದೆ. ಬಲ್ಬಿನಲ್ಲಿ ಪೆಟ್ರೋಲ್ ಕಂಡ ಮೇಲೆ ಹಗ್ಗ ಎಳೆದು ಯಂತ್ರ ಶುರು ಮಾಡಬೇಕು.

ಒಂದು ವರ್ಷ ಸುಗ್ಗಿಯಲ್ಲಿ ಬಿಸಿಲಿಗೆ ಬಲ್ಬ್ ಸೀಳಿತು. ಒತ್ತಿದರೆ ಸೀಳಿನಿಂದ ಬರೀ ಗಾಳಿ ಎಳೆಯುತ್ತಿತ್ತು. ಹುಮನಾಬಾದಿನಲ್ಲಿ ಸಿಗಲಿಲ್ಲ. ಬಸವಕಲ್ಯಾಣಕ್ಕೆ ಹೋಗೋಣವೆಂದರೆ ಮೋಡ ಕಟ್ಟಿತ್ತು, ಒಣಗಿದ ಸೋಯಾ ಕಾಯಿ ಸಿಡಿದು ಕಾಳು ಉದುರುತ್ತಿತ್ತು; ಒಂದು ದಿನವೂ ಕಾಯುವಂತಿರಲಿಲ್ಲ.

"ಬಾಯಿಗಿಂತ ಛಲೋ ಪಂಪ್ ಯಾವುದದ?" ಅಂದ ಕಾಕಾ. ನಮ್ಮ ಕಡೆ ಗಾಡಿಯಿಂದ ಬಾಟಲಿಗೆ ಪೆಟ್ರೋಲ್ ತೆಗೆಯುವಾಗ ಎಲ್ಲರೂ ಪೈಪಿಗೆ ಬಾಯಿ ಹಚ್ಚುವವರೇ. ಅವನೂ ಬಲ್ಬಿಗೆ ಹೋಗುವ ಪೈಪು ಬಿಚ್ಚಿ ಬಾಯಿಯಿಂದ ಎಳೆದ.

ಬುತ್ತಿ ತಂದ ಕಾಕಿ ಬದುವಿನ ಮೇಲೆ ನಿಂತಿದ್ದಳು. "ಬೀಡಿ ಬಿಡಿಸಿದ್ದಕ್ಕ ಈಗ ಇದನ್ನ ಸೇದಾಕತ್ತೀರೇನ್ರಿ?"

ಬಾಯಿಗೆ ಪೆಟ್ರೋಲ್ ಬಂದಿತ್ತು. ಉಗುಳುವ ಮೊದಲೇ ಕಾಕಾನಿಗೆ ನಗು ಬಂತು.

ಕೆಮ್ಮಿ ಕೆಮ್ಮಿ ಕೂತ. ನೀರು ಕುಡಿದು, ಗಾಳಿ ಒಳಗೆ ಹೋಗದಂತೆ ಪೈಪಿನ ತುದಿಗೆ ಕಡ್ಡಿ ತುರುಕಿ, ಹಗ್ಗ ಎಳೆದು ಮತ್ತೆ ಯಂತ್ರ ಹೆಗಲಿಗೇರಿಸಿದ. ಪಕ್ಕದ ಹೊಲದಲ್ಲಿದ್ದ ನಾನು ಮನೆಗೆ ಬಂದು ದಿನಚರಿಯಲ್ಲಿ ಎಂದಿನಂತೆ ಬರೆದೆ: ‘ಕಾಕಾನ ಸೋಯಾ ಅರ್ಧ ಆಯಿತು. ಮೋಡ. ಮಳೆ ಇಲ್ಲ.’ ಕೆಮ್ಮನ್ನು ಬರೆಯಬೇಕೆಂದು ಅನ್ನಿಸಲೇ ಇಲ್ಲ.

ಸಂಜೆಗೆ ಕಾಕಾನಿಗೆ ಜ್ವರ, ಉಬ್ಬಸ. ಪೆಟ್ರೋಲ್ ಹೊಟ್ಟೆಗಲ್ಲ, ಪುಪ್ಪುಸಕ್ಕೆ ಇಳಿದಿದೆ ಎಂದರು ಹುಮನಾಬಾದಿನ ಡಾಕ್ಟರು. ಕೆಲವು ದಿನ ಉಸಿರಿಗೆ ಒದ್ದಾಡಿ ಕಾಕಾ ಅಲ್ಲೇ ತೀರಿಹೋದ. ಉಳಿದ ಸೋಯಾ ಹೊಲದಲ್ಲೇ ಸಿಡಿಯಿತು...

ಈಗ ಕಾಕಿ ಆ ಯಂತ್ರವನ್ನು ತನ್ನ ತಮ್ಮನಿಗೆ ಕೊಡುತ್ತಿದ್ದಾಳೆ. "ಹಂಗ ಕೊಡಂಗಿಲ್ಲ. ಬಲ್ಬ್ ಹಾಕಿಸೇ ಕೊಡ್ತೀನಿ," ಅಂದಿದ್ದಳು. ತಂದ ಬಲ್ಬನ್ನು ಅವಳ ಅಂಗಳದಲ್ಲೇ ಕೂತು ಹಾಕಿದೆ.

"ಇನ್ನ ಬಾಯಿ ಹಚ್ಚೋದು ಬ್ಯಾಡಲ್ಲ?"

"ಬ್ಯಾಡ ಕಾಕಿ."

"ಅವತ್ತ ನಾ ನಗಸಬಾರದಿತ್ತು."

"ಬಲ್ಬ್ ಒಡದಿತ್ತು ಕಾಕಿ," ಅಂದೆ. ಅವಳು ಹಾಗೆ ಅಂದಾಗಲೆಲ್ಲ ನಾನು ಹೇಳುವುದು ಅಷ್ಟೇ.

ಯಂತ್ರ ಒಯ್ಯಲು ಬಂದಿದ್ದ ಅವಳ ತಮ್ಮ ಹಗ್ಗ ಹಿಡಿದು ನಗುತ್ತ ಏನೋ ಹೇಳಲು ಹೋದ. "ಸುಮ್ಮನಿರು. ಅದು ಶುರು ಆಗೋತನಕ ಯಾರೂ ಮಾತಾಡಬ್ಯಾಡ್ರಿ," ಅಂದಳು ಕಾಕಿ.

ನಾನು ಬಲ್ಬ್ ಒತ್ತಿದೆ. ಪೆಟ್ರೋಲ್ ಪೈಪಿನಲ್ಲಿ ಮೆಲ್ಲಗೆ ಏರಿ ಬಂತು. ಅವನು ಹಗ್ಗ ಎಳೆದ. ಯಂತ್ರ ಶುರುವಾಯಿತು.