ಎದುರು ಗೋಡೆಯ ಪಟ

ಮೊನ್ನೆ ಟ್ರಂಕು ತೆರೆದಾಗ ರೇಷ್ಮೆಗೂಡಿನ ಹಾರದ ವಾಸನೆ ಬಂತು. ಒಣಗಿದ ಹುಳುವಿನ ಮಂಕು ವಾಸನೆ. ನುಸಿಗುಳಿಗೆ ಹಾಕಿಟ್ಟಿದ್ದರೂ ಹೋಗಿರಲಿಲ್ಲ. ಹಾರ ನನ್ನದಲ್ಲ. ಪಕ್ಕದ ಮನೆಯ ಅಕ್ಕ ನನ್ನ ಬಳಿ ಇಡಿಸಿದ್ದು…

ಹಾರೋಹಳ್ಳಿಯ ಸುತ್ತ ಹೊಲಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಕ್ಕನ ಹಿಪ್ಪುನೇರಳೆ ತೋಟವೂ ಅದಕ್ಕೆ ಹೋಯಿತು. ಅದೇ ವರ್ಷ ಸಾತನೂರಿಗೆ ಹೋಗಿ ಬರುತ್ತೇನೆಂದು ಬಸ್ಸು ಹತ್ತಿದ ಅವರ ಗಂಡ ಹಿಂದಿರುಗಲಿಲ್ಲ. ಹುಡುಕಿದರು, ಕೆಲವು ವರ್ಷ ಕಾದರು. ಆಮೇಲೆ ನಮ್ಮ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿ, ಮಗನೊಂದಿಗೆ ಬಂದು ನೆಲೆಸಿದರು.

ಗೋಡೆ ಸಿಂಗರಿಸಲು ನನ್ನನ್ನು ಕರೆದರು. ನಾನು ನರ್ಸಾಗಿ ದುಡಿದವಳು. ಹಾಸಿಗೆಯ ಅಂಚು ಸೊಟ್ಟಗಿದ್ದರೂ ಸಹಿಸುತ್ತಿರಲಿಲ್ಲ. ದಾರ ಹಿಡಿದು, ಪೆನ್ಸಿಲಿನಲ್ಲಿ ಗುರುತು ಮಾಡಿ, ಮೊಳೆ ಹೊಡೆದೆ. ತೀರಿಕೊಂಡ ಅವರ ಅತ್ತೆ ಮಾವ ದಕ್ಷಿಣದ ಗೋಡೆಗೆ, ಕುಂಕುಮದ ಬೊಟ್ಟಿನೊಂದಿಗೆ. ಬದುಕಿರುವವರು ಎದುರು ಗೋಡೆಗೆ. ಅಲ್ಲೇ ಚನ್ನಪಟ್ಟಣದ ಮರದ ಗಿಳಿಗಳು, ಮಗನ ಶಾಲೆಯ ಫೋಟೊ, ಅಕ್ಕ ಮದುವೆಗೆ ಮುಂಚೆ ಮಣಿ ಪೋಣಿಸಿ ಮಾಡಿ ಕಟ್ಟು ಹಾಕಿಸಿದ್ದ ನವಿಲು. ನವಿಲಿನ ಪಕ್ಕ ಗಂಡನ ಪಟ.

"ಒಸಿ ಕೆಳಕ್ಕೆ ಹೊಡೀರಿ ನರ್ಸಮ್ಮ. ಅವ್ರು ಬಂದು ಬಾಗ್ಲಲ್ಲಿ ಕಾಲಿಟ್ಟೇಟ್ಗೆ ಅವ್ರ ಮಕ ಅವ್ರಿಗೇ ಕಾಣ್ಬೇಕು," ಎಂದರು.

ಆ ಸಲದ ಪಿತೃಪಕ್ಷಕ್ಕೆ, ಹಿರಿಯರಿಗೆ ಎಡೆ ಇಡುವ ದಿನ, ಅಕ್ಕನ ಮೈದುನ ರೇಷ್ಮೆಗೂಡಿನ ಹಾರ ಹಿಡಿದು ಬಂದ. ನೇರ ಹೋಗಿ ಅಣ್ಣನ ಪಟಕ್ಕೆ ಕೈಹಾಕಿದ.

"ಅತ್ಗೆ, ಇದು ಆ ಕಡೀಕ್ ಹೋಗ್ಲಿ."

ಅಕ್ಕನ ಕೈ ತಾಳಿಗೆ ಹೋಯಿತು. ಪಟ ಗೋಡೆ ಬದಲಿಸಿದರೆ ಅವರ ಹಣೆಯ ಕುಂಕುಮವೂ ಹೋಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಸತ್ತಿದ್ದು ನೀನ್ ನೋಡಿದ್ಯಾ?"

"ಬದ್ಕಿರೋದು ನೀನ್ ನೋಡಿದ್ಯಾ?" ಮೈದುನ ಹಾರವನ್ನು ಎತ್ತಿ ತೋರಿಸಿದ. "ನಮ್ಮಣ್ಣ ಎಲ್ಲೋ ಹಸ್ಕಂಡು ಅಲೀತಾವ್ನೆ ಅತ್ಗೆ. ಎಡೆ ಇಕ್ದೆ ಎಷ್ಟ್ ವರ್ಸ ಬುಡಾದು? ನರ್ಸಮ್ಮ, ನೀವೇ ಆ ಕಡೆ ಒಂದ್ ಮೊಳೆ ಹೊಡೀರಿ."

ಮಗ ಸುತ್ತಿಗೆ ತಂದು ನನ್ನ ಮುಂದೆ ಹಿಡಿದ. ಅಕ್ಕ ನನ್ನನ್ನೇ ನೋಡಿದರು. ನಾನು ಕೈ ಚಾಚಲಿಲ್ಲ. ಒಲೆಯ ಮೇಲೆ ವಡೆ ಸೀದು ಕಪ್ಪಾಗುತ್ತಿತ್ತು…

ಕೊನೆಗೆ ಅಕ್ಕ ಒಂದು ಬಾಳೆಎಲೆ ತೆಗೆದುಕೊಂಡರು. ಎಡೆಯ ಜಾಗದಲ್ಲಿ ಇಡಲಿಲ್ಲ. ಉಣ್ಣುವವರ ಸಾಲಿನಲ್ಲಿ, ಗಂಡನ ಪಟದ ಕೆಳಗೆ ಹಾಸಿ, ನೀರು ಚಿಮುಕಿಸಿದರು.

"ಹಸ್ದಿದ್ರೆ ಉಣ್ಲಿ. ಸತ್ತೋರ್ಗೂ ಹೊಟ್ಟೆ, ಬದ್ಕಿರೋರ್ಗೂ ಹೊಟ್ಟೆ. ಪಕ್ದಲ್ ನೀನ್ ಕೂತ್ಕೊ."

ಮೈದುನ ಬಹಳ ಹೊತ್ತು ಪಟ ಬಿಡಲಿಲ್ಲ. ಬಿಟ್ಟ ಮೇಲೆ ಬಂದು ಕೂತ. ಒಂದು ತುತ್ತು ಬಾಯಿಗಿಟ್ಟ.

"ಉಪ್ಪು ಕಮ್ಮಿ ಆಗೈತೆ ಅತ್ಗೆ."

"ನಿಮ್ಮಣ್ಣ ಒಂದಿನಾನೂ ಹಂಗಂದಿಲ್ಲ. ಸುಮ್ಕೆ ಉಣ್ಣು."

ಎಲ್ಲರೂ ಹೊರಟ ಮೇಲೆ ಅಕ್ಕ ಹಾರವನ್ನು ನನ್ನ ಕೈಗಿತ್ತರು. "ಇದು ಈ ಮನೇಲಿ ಬ್ಯಾಡ. ನಿಮ್ಮತ್ರ ಇರ್ಲಿ." ಪ್ರತಿವರ್ಷ ಆ ಸಾಲಿನಲ್ಲಿ ಒಂದು ಎಲೆ ಹೆಚ್ಚು ಬೀಳುತ್ತಿತ್ತು.

ಈಗ ಅಕ್ಕನೇ ಹೋದರು, ಹಣೆಯಲ್ಲಿ ಕುಂಕುಮ ಇಟ್ಟುಕೊಂಡೇ. ತಿಥಿಯ ದಿನ ಮಗ ನನ್ನನ್ನು ಮೊಳೆ ಹೊಡೆಯಲು ಕರೆದ. ನನಗೆ ವಯಸ್ಸಾಯಿತೆಂದು ಮೈದುನನೇ ದಾರ ಹಿಡಿದ. ದಕ್ಷಿಣದ ಗೋಡೆಯಲ್ಲಿ ಅತ್ತೆಯ ಪಕ್ಕ ಅಕ್ಕನ ಪಟ ತೂಗುಹಾಕಿ, ಟ್ರಂಕಿನ ಹಾರ ಹಾಕಿದೆ. ಎದುರು ಗೋಡೆಯ ಪಟವನ್ನು ಯಾರೂ ಮುಟ್ಟಲಿಲ್ಲ.

ಊಟದ ಹೊತ್ತಿಗೆ ಮೈದುನ ಅಣ್ಣನ ಪಟದ ಕೆಳಗೆ, ತನ್ನ ಪಕ್ಕದಲ್ಲಿ, ಇನ್ನೊಂದು ಎಲೆ ಹಾಸಿ, ನೀರು ಚಿಮುಕಿಸಿ, ಅಡುಗೆಮನೆಯ ಕಡೆ ನೋಡಿದ. ಬಡಿಸಲು ಅಕ್ಕ ಇರಲಿಲ್ಲ.