ದಡದಲ್ಲಿ ಕೂರುವವರು ಯಾರು

ಶಿವಬಸಮ್ಮನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಇರಬೇಕಾದ ಇಷ್ಟಲಿಂಗ ಇರಲಿಲ್ಲ. ಇಲ್ಲದೆ ಎಂಟು ತಿಂಗಳಾಗಿತ್ತು. ಅರೆಕೆರೆಯ ಮನೆಯಲ್ಲಿ ಮಗ ಮಹೇಶನಿಗಾಗಲಿ ಸೊಸೆ ರೇಖಾಳಿಗಾಗಲಿ ಇದು ಗೊತ್ತಿರಲಿಲ್ಲ. ಹೊರಗೆ ಕಾಣುವುದು ಕರಡಿಗೆ. ಅದನ್ನು ಬಿಚ್ಚಿ ತೋರಿಸು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಲಿಂಗ ಕಟ್ಟಿದವರು ಅದನ್ನು ಮಣ್ಣಿಗೆ ಹೋಗುವ ತನಕ ಮೈಮೇಲಿಂದ ಇಳಿಸುವುದಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಎಡ ಅಂಗೈಮೇಲೆ ಇಟ್ಟುಕೊಂಡು, ನೀರು ಹನಿಸಿ, ವಿಭೂತಿ ಧರಿಸಿ, ಪೂಜೆ ಮುಗಿಸಿದ ಮೇಲೇ ಕಾಫಿ ಕುಡಿಯುವುದು. ಸತ್ತಾಗ ಅದೇ ಲಿಂಗವನ್ನು ಅದೇ ಅಂಗೈಯಲ್ಲಿಟ್ಟು ಕುಣಿಯೊಳಗೆ ಕೂರಿಸುತ್ತಾರೆ. ಶಿವಬಸಮ್ಮ ತಿಪಟೂರಿನ ಕಡೆಯಿಂದ ಮದುವೆಯಾಗಿ ಸಿದ್ದಾಪುರದ ವಠಾರಕ್ಕೆ ಬಂದಾಗಲೂ, ಆಮೇಲೆ ಅರೆಕೆರೆಯಲ್ಲಿ ಸೈಟು ಕೊಂಡು ಎರಡು ರೂಮು ಕಟ್ಟಿದಾಗಲೂ, ಮಹೇಶ ಹುಟ್ಟಿದ ದಿನವೂ ಈ ಪೂಜೆ ತಪ್ಪಿರಲಿಲ್ಲ.

ಗಂಡ ಮರುಳಸಿದ್ದಪ್ಪ ಕಾರ್ಖಾನೆ ಬಸ್ಸಿನ ಡ್ರೈವರಾಗಿದ್ದವರು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಪಕ್ಕಕ್ಕೆ ವಾಲಿದರು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ನರ್ಸಮ್ಮ ಅವರ ವಾಚು, ಉಂಗುರ, ಲಿಂಗ ಕಟ್ಟಿದ್ದ ಶಿವದಾರ ಎಲ್ಲ ಬಿಚ್ಚಿ ಒಂದು ಕವರಿಗೆ ಹಾಕಿ ಶಿವಬಸಮ್ಮನ ಕೈಗೆ ಕೊಟ್ಟಳು. ಶಿವಬಸಮ್ಮ ಕವರನ್ನು ಬೆಂಚಿನ ಮೇಲೆ ಇಟ್ಟು, ಕರೆದಲ್ಲಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು. ಬರುವಷ್ಟರಲ್ಲಿ ಬೆಂಚಿನ ಮೇಲೆ ಬೇರೆ ಯಾರೋ ಕೂತಿದ್ದರು. ಕವರು ಇರಲಿಲ್ಲ. ಹುಡುಕಬೇಕು ಅನ್ನುವಷ್ಟರಲ್ಲಿ ಡಾಕ್ಟರು ಹೊರಗೆ ಬಂದು ಹೇಳಬೇಕಾದ್ದನ್ನು ಹೇಳಿದರು.

ಮಾರನೆ ದಿನ ರುದ್ರಭೂಮಿಯಲ್ಲಿ ಅಯ್ನೋರು, "ಲಿಂಗ ಕೊಡಿ ತಾಯಿ" ಎಂದು ಕೈ ಚಾಚಿದರು. ಇಲ್ಲ ಅಂದಿದ್ದರೆ ಅವರು ಹೊಸದೊಂದನ್ನು ತರಿಸುತ್ತಿದ್ದರು; ಅದಕ್ಕೂ ದಾರಿ ಇದೆ. ಆದರೆ ಶಿವಬಸಮ್ಮನಿಗೆ ಅದೆಲ್ಲ ಹೊಳೆಯಲಿಲ್ಲ. ಸೆರಗಿನ ಮರೆಯಲ್ಲಿ ತನ್ನ ಕರಡಿಗೆ ಬಿಚ್ಚಿ, ತನ್ನ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅಯ್ನೋರು ಅದನ್ನು ಮರುಳಸಿದ್ದಪ್ಪನವರ ಅಂಗೈಯಲ್ಲಿಟ್ಟರು. ಮಣ್ಣು ಬಿತ್ತು.

ಆಮೇಲೆ ಕೆಲವು ದಿನ ಬರೀ ಅಂಗೈ ಹಿಡಿದುಕೊಂಡು ಪೂಜೆಗೆ ಕೂತಳು. ಒಂದು ದಿನ ಕೂರಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಕಾಫಿ ಕುಡಿದಳು. ಏನೂ ಆಗಲಿಲ್ಲ. ತಪ್ಪು ಮಾಡಿದೆ ಅಂತ ಅನ್ನಿಸಲಿಲ್ಲ, ಸರಿ ಮಾಡಿದೆ ಅಂತಲೂ ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಜಯನಗರದ ಅಂಗಡಿಯವರು ಕಳಿಸುವ ಸೀರೆಗಳಿಗೆ ಮೊದಲಿನ ಹಾಗೇ ಕುಚ್ಚು ಕಟ್ಟುತ್ತಿದ್ದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಯಾರು ಏನು ಕೇಳಿದರೂ "ಹೂಂ" ಅನ್ನುತ್ತಿದ್ದಳು. ಅನ್ನ ಹಾಕಲಾ ಅತ್ತೆ? ಹೂಂ. ಟಿವಿ ಆಫ್ ಮಾಡಲಾ? ಹೂಂ.

ರುದ್ರಮ್ಮ ಫೋನು ಮಾಡಿ, "ಅಂಡಮಾನಿಗೆ ಹೋಗ್ತಿದೀವಿ, ನಿನ್ನ ಹೆಸರೂ ಹಾಕಿದೀನಿ ಕಣೇ" ಅಂದಾಗಲೂ ಹೂಂ ಅಂದಳು.

ರುದ್ರಮ್ಮ ಸಿದ್ದಾಪುರದ ವಠಾರದ ಕಾಲದ ಗೆಳತಿ, ವಯಸ್ಸಿನಲ್ಲಿ ದೊಡ್ಡವಳು, ಬಾಯಿಯಲ್ಲಿ ಇನ್ನೂ ದೊಡ್ಡವಳು. ಸೋಮವಾರ ಸೋಮವಾರ ಅವಳ ಮನೆಯಲ್ಲಿ ನಾಲ್ಕು ಜನ ಹೆಂಗಸರು ಸೇರಿ ಭಜನೆ ಮಾಡಿ, ಪ್ರಸಾದ ಅಂತ ಉಪ್ಪಿಟ್ಟೋ ಚಿತ್ರಾನ್ನವೋ ತಿಂದು ಎದ್ದು ಹೋಗುತ್ತಿದ್ದರು. ಬಿಟಿಎಂ ಲೇಔಟಿನಲ್ಲಿ ಬ್ಲೌಸ್ ಹೊಲಿಯುವ ವನಿತಾ ಒಬ್ಬಳು. ಬ್ಯಾಂಕಿನಿಂದ ರಿಟೈರ್ ಆದ ಶ್ರೀದೇವಿ ಇನ್ನೊಬ್ಬಳು. ಟಿಕೆಟ್ಟು, ರೂಮು ಎಲ್ಲ ಅವಳ ಫೋನಿನಲ್ಲೇ. ಆ ಸೋಮವಾರ ಭಜನೆ ಬೇಗ ಮುಗಿಯಿತು. ಶ್ರೀದೇವಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಒಬ್ಬೊಬ್ಬರಿಗೆ ಒಂದೊಂದು ದಿನ. ಅವತ್ತು ಅವರು ಹೇಳಿದ್ದು, ಮಿಕ್ಕೋರು ಬಾಯ್ಮುಚ್ಕೊಂಡು ಬರೋದು. ನಂದು ಜೈಲು. ಸ್ವಾತಂತ್ರ್ಯ ಹೋರಾಟಗಾರರನ್ನ ಇಟ್ಟಿದ್ರಲ್ಲ, ಅದನ್ನ ನಿಧಾನಕ್ಕೆ ನೋಡ್ಬೇಕು."

"ಸಮುದ್ರ ದಾಟ್ಕೊಂಡು ಜೈಲಿಗೆ ಹೋಗ್ತಾಳಂತೆ," ಅಂದಳು ವನಿತಾ. "ಪರಪ್ಪನ ಅಗ್ರಹಾರ ಹತ್ರ ಇತ್ತಲ್ಲ ಶ್ರೀದೇವಕ್ಕ, ಆಟೋದಲ್ಲೇ ಹೋಗ್ಬಹುದಿತ್ತು."

"ನಿಂದೇನು ಹೇಳು, ಬ್ಲೌಸ್ ಪೀಸಾ?"

"ನಂದು ಗಾಜಿನ ದೋಣಿ. ಕೂತಲ್ಲೇ ಕೆಳಗಡೆ ಹವಳ ಎಲ್ಲ ಕಾಣುತ್ತಂತೆ. ಸಾಯಂಕಾಲ ಅಂಗಡಿ ಬೀದಿ. ಮುತ್ತಿನ ಸರ ತಗೋಬೇಕು."

"ನಂದು ಮೀನು," ಅಂದಳು ರುದ್ರಮ್ಮ. "ನೀರಿಗಿಳಿದು ನೋಡೋದು. ನನ್ನ ಮೊಮ್ಮಗಳು ವಿಡಿಯೋ ತೋರ್ಸಿದ್ಳು. ಮೂತಿಗೆ ಅದೇನೋ ಕನ್ನಡಕ ಕಟ್ತಾರೆ, ಬಾಯಿಗೆ ಕೊಳವೆ. ಟ್ಯೂಬು ಹಿಡ್ಕೊಂಡು ತಲೆ ಬಗ್ಗಿಸಿದ್ರೆ ಸಾಕು, ಹಳದಿ, ನೀಲಿ, ಪಟ್ಟೆ ಪಟ್ಟೆ ಮೀನು. ಎದೆಮಟ್ಟ ನೀರಂತೆ. ಇಷ್ಟು ವರ್ಷ ಲಾಲ್‌ಬಾಗ್ ಕೆರೆ ನೋಡಿದ್ದು ಸಾಕು."

"ಅಲ್ಲಿ ತಿನ್ನೋಕೆ ಬರೀ ಮೀನೇ ಅಂತಲ್ಲ ರುದ್ರಮ್ಮಕ್ಕ?" ಅಂದಳು ವನಿತಾ.

"ನೋಡೋಕೆ ಹೋಗ್ತಿರೋದು, ತಿನ್ನೋಕಲ್ಲ. ರೊಟ್ಟಿ, ಚಟ್ನಿಪುಡಿ ನಾನು ತರ್ತೀನಿ. ಶಿವಬಸೂ, ನಿನ್ನ ದಿನಕ್ಕೆ ಏನು?"

ಶಿವಬಸಮ್ಮ ಯೋಚಿಸಿ ನೋಡಿದಳು. ಗೋಡೆಗೆ ಒರಗಿಸಿಟ್ಟ ಚಾಪೆ ನೋಡಿದಳು. ಬೇಕು ಅನ್ನುವುದು ಒಳಗೆ ಎಲ್ಲೂ ಸಿಗಲಿಲ್ಲ.

"ನೀವು ಹೇಳಿದ್ದೇ ಆಗ್ಲಿ," ಅಂದಳು.

"ಖಾಲಿ ಬಿಟ್ಟಿರ್ತೀನಿ, ಆಮೇಲೆ ಹೇಳಿ," ಅಂದಳು ಶ್ರೀದೇವಿ. "ರೂಮು ಎರಡು. ರುದ್ರಮ್ಮಕ್ಕನ ಜೊತೆ ನಾನು. ವನಿತಾ ಜೊತೆ ನೀವು. ಬೆಳಿಗ್ಗೆ ಎಲ್ಲರೂ ಒಂದೇ ರೂಮಲ್ಲಿ ಲಿಂಗಪೂಜೆ ಮುಗಿಸ್ಕೊಂಡು ಹೊರಡೋದು."

ಶಿವಬಸಮ್ಮನಿಗೆ ಆಗ ಗೊತ್ತಾಯಿತು. ಮನೆಯಲ್ಲಾದರೆ ಬಾಗಿಲು ಹಾಕಿಕೊಂಡರೆ ಮುಗಿಯಿತು. ಅಲ್ಲಿ ಒಂದೇ ಚಾಪೆಯ ಮೇಲೆ ನಾಲ್ಕು ಅಂಗೈ ಇರುತ್ತವೆ, ಅವಳದ್ದು ಬರಿದಾಗಿರುತ್ತದೆ. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಹೊಟ್ಟೆನೋವು ಅಂತ ಹೇಳಿ ಹೋಗದೆ ಉಳಿದುಬಿಡಬಹುದು ಅಂತ ಮಾತ್ರ ಅಂದುಕೊಂಡಳು.

ಅಷ್ಟರಲ್ಲಿ ವನಿತಾ ಕೈ ಎತ್ತಿದಳು. "ಒಂದು ನಿಮಿಷ. ರುದ್ರಮ್ಮಕ್ಕ, ನೀರಿಗೆ ಇಳಿವಾಗ ಲಿಂಗ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಯಾರಿಗೂ ಹೊಳೆದಿರಲಿಲ್ಲ.

"ಕಟ್ಕೊಂಡೇ ಇಳಿಯೋದು," ಅಂದಳು ರುದ್ರಮ್ಮ. "ದಿನಾ ಸ್ನಾನ ಮಾಡಲ್ವಾ?"

"ಬಚ್ಚಲಲ್ಲಿ ಅಲೆ ಬರಲ್ಲ. ದಾರ ಕಿತ್ಕೊಂಡು ಹೋದ್ರೆ? ಲಿಂಗ ಕಳ್ಕೊಂಡೋಳು ಅಂತ ಹೇಳಿಸ್ಕೊಂಡು ಬದುಕೋದು ಹೆಂಗೆ?"

ರುದ್ರಮ್ಮ ಸುಮ್ಮನಿರುವವಳಲ್ಲ. ಸಿದ್ದಲಿಂಗಯ್ಯನೋರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದಳು. ಇವರ ಮನೆಗಳ ಮದುವೆ, ಸಾವು ಎಲ್ಲಕ್ಕೂ ಬರುವವರು ಅವರೇ. ಮರುಳಸಿದ್ದಪ್ಪನವರ ಅಂಗೈಯಲ್ಲಿ ಲಿಂಗ ಇಟ್ಟವರೂ ಅವರೇ.

"ಶರಣು ಅಯ್ನೋರೆ. ಸಮುದ್ರಕ್ಕೆ ಇಳೀಬೇಕು, ಲಿಂಗಕ್ಕೆ ಏನ್ ಮಾಡೋದು?"

"ಸಮುದ್ರಕ್ಕಾ? ಯಾಕ್ ತಾಯಿ, ಏನಾಯ್ತು?"

"ಏನೂ ಆಗಿಲ್ಲ, ಮೀನು ನೋಡೋಕೆ."

ಫೋನಿನಲ್ಲಿ ಅಯ್ನೋರ ಹಿಂದೆ ಎಲ್ಲೋ ಕುಕ್ಕರು ಕೂಗಿತು. "ನೀರಿಂದ ಮೈಲಿಗೆ ಏನೂ ಇಲ್ಲಮ್ಮ. ಕಳೆದುಹೋಗೋದೇ ಭಯ. ಒಂದು ಕೆಲಸ ಮಾಡಿ. ಇಳಿಯೋರ ಲಿಂಗ ಎಲ್ಲ ಒಬ್ಬರು ಇಟ್ಕೊಂಡು ದಡದಲ್ಲಿ ಕೂತಿರ್ಲಿ. ನೆಲಕ್ಕೆ ಇಡಬೇಡಿ, ಬ್ಯಾಗಿಗೆ ತುರುಕಬೇಡಿ. ಮಡಿಲಲ್ಲಿ ಇಟ್ಕೊಂಡಿರ್ಬೇಕು. ಕೂರೋರು ಲಿಂಗ ಕಟ್ಟಿದೋರೇ ಆಗಿರ್ಬೇಕು, ಹೋಟ್ಲೋರ ಕೈಗೆ ಕೊಟ್ಟುಬಿಟ್ಟೀರ ಮತ್ತೆ."

ಫೋನು ಇಟ್ಟ ಕೂಡಲೆ ರುದ್ರಮ್ಮ ತೊಡೆ ತಟ್ಟಿದಳು. "ಆಯ್ತಲ್ಲ! ಶಿವಬಸು ಕೂರ್ತಾಳೆ. ಅವಳಿಗೆ ಇಳಿಯೋ ಆಸೆ ಇಲ್ಲ. ಕೊಟ್ಟ ಸೀರೇಲಿ ಒಂದು ಎಳೆ ಆಚೀಚೆ ಮಾಡೋಳಲ್ಲ. ಅವಳ ಮಡಿಲಲ್ಲಿ ಇದ್ರೆ ನಾನು ನೆಮ್ಮದಿಯಾಗಿ ಮೀನು ನೋಡ್ತೀನಿ."

"ಹೌದು, ಶಿವಬಸಕ್ಕನೇ ಸರಿ," ಅಂದಳು ವನಿತಾ.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಂಟು ತಿಂಗಳಿಂದ ಎಲ್ಲದಕ್ಕೂ ತಾನಾಗಿ ಬರುತ್ತಿದ್ದ ಹೂಂ ಈಗ ಬರಲಿಲ್ಲ. ತನ್ನ ಕರಡಿಗೆ ಬರಿದಾಗಿರುವುದು ತನ್ನ ಪಾಡು. ಆದರೆ ಈ ಮೂವರು ಹುಟ್ಟಿದಾಗಿನಿಂದ ಮೈಮೇಲೆ ಇಟ್ಟುಕೊಂಡದ್ದನ್ನು ಬಿಚ್ಚಿ ಕೊಡುತ್ತಾರೆ, ಇವಳು ಕಟ್ಟಿದವಳು ಅಂತ ನಂಬಿ ಕೊಡುತ್ತಾರೆ. ಶಿವಬಸಮ್ಮ ತನ್ನ ಮಡಿಲನ್ನು ನೋಡಿಕೊಂಡಳು.

"ನಾನು ಕೂರೋ ಹಂಗಿಲ್ಲ," ಅಂದಳು.

"ಯಾಕೆ, ಬಿಸಿಲಾ? ಛತ್ರಿ ತಗೊಂಡ್ರಾಯ್ತು."

"ನನ್ನ ಕರಡಿಗೇಲಿ ಲಿಂಗ ಇಲ್ಲ ರುದ್ರಮ್ಮಕ್ಕ."

ಅವಳು ಅದನ್ನು ಅಕ್ಕಿ ಮುಗಿದಿದೆ ಅನ್ನುವ ಹಾಗೆ ಹೇಳಿದಳು. ಯಾರಿಗೂ ಅರ್ಥವಾಗಲಿಲ್ಲ ಅಂತ ಕಂಡಿತು. ಆಗ ಕರಡಿಗೆಯನ್ನು ಸೆರಗಿನ ಒಳಗಿಂದ ಈಚೆಗೆ ತೆಗೆದು, ಮುಚ್ಚಳ ತಿರುಗಿಸಿ ತೋರಿಸಿದಳು. ಒಳಗೆ ಬೆಳ್ಳಿ ಸ್ವಲ್ಪ ಕಪ್ಪಾಗಿತ್ತು. ಆಮೇಲೆ ಆಸ್ಪತ್ರೆಯ ಬೆಂಚು, ಕವರು, ರುದ್ರಭೂಮಿ ಎಲ್ಲವನ್ನೂ ನಡೆದ ಹಾಗೇ, ಒಂದಾದ ಮೇಲೆ ಒಂದು ಹೇಳಿದಳು. ದನಿ ಏರಲಿಲ್ಲ, ಇಳಿಯಲಿಲ್ಲ.

ವನಿತಾಳ ಮುಖ ಬಿಗಿಯಿತು. "ಮತ್ತೆ ಇಷ್ಟು ದಿನ ನಮ್ಮ ಜೊತೆ ಕೂತು ಭಜನೆ ಮಾಡಿದ್ರಿ, ಪ್ರಸಾದ ತಗೊಂಡ್ರಿ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅಂತ ಅನ್ನಿಸ್ಲಿಲ್ಲ ವನಿತಾ."

"ಅನ್ನಿಸ್ಲಿಲ್ವಂತೆ! ನಾನು ಒಂದೇ ರೂಮಲ್ಲಿ ಇರಲ್ಲಪ್ಪ. ನನಗೆ ಸರಿಹೋಗಲ್ಲ. ತಪ್ಪು ತಿಳ್ಕೋಬೇಡಿ."

"ಇಲ್ಲ," ಅಂದಳು ಶಿವಬಸಮ್ಮ. ತಪ್ಪು ತಿಳಿಯಲಿಲ್ಲ ಕೂಡ. ವನಿತಾ ಹೇಳಿದ್ದು ಸರಿಯಾಗೇ ಇತ್ತು.

ರುದ್ರಮ್ಮ ಬರಿದಾದ ಕರಡಿಗೆಯನ್ನೇ ನೋಡುತ್ತಿದ್ದಳು. ವಠಾರದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಸಂಸಾರ ಮಾಡಿದವಳು ಅವಳು. ಈ ಗಂಡಹೆಂಡಿರ ಜಗಳ, ನಗು, ಮರುಳಸಿದ್ದಪ್ಪನ ಗೊರಕೆ ಎಲ್ಲವನ್ನೂ ಗೋಡೆಯಾಚೆಯಿಂದ ಕೇಳಿಸಿಕೊಂಡವಳು. ಕೊನೆಗೆ ಅಂದಳು:

"ಹಂಗಾದ್ರೆ ನಿನ್ನ ಲಿಂಗ ಮರುಳಸಿದ್ದಪ್ಪನ ಕೈಯಲ್ಲಿದೆ."

"ಹೂಂ."

"ಅವನಿಗೆ ಗೊತ್ತಾ?"

"ಅವರಿಗೆ ಹೆಂಗೆ ಗೊತ್ತಾಗುತ್ತೆ ರುದ್ರಮ್ಮಕ್ಕ."

ರುದ್ರಮ್ಮ ಮೂಗು ಒರೆಸಿಕೊಂಡಳು. ಆಮೇಲೆ ಕಾಫಿ ಲೋಟ ಎತ್ತಿ, ಆರಿಹೋಗಿದೆ ಅಂತ ಬೈದು ಕೆಳಗಿಟ್ಟಳು. "ಮುಂದಿನ ಸೋಮವಾರ ಬಾ. ಅಯ್ನೋರ ಹತ್ರ ಹೋಗೋಣ. ದೀಕ್ಷೆ ಕೊಟ್ಟು ಹೊಸದು ಕಟ್ತಾರೆ. ಪ್ಲೇನು ಹತ್ತೋದ್ರೊಳಗೆ ಎಲ್ಲ ಸರಿಹೋಗುತ್ತೆ. ಆಮೇಲೆ ನೀನೇ ದಡದಲ್ಲಿ ಕೂತ್ಕೊ."

ಅದು ಒಳ್ಳೆಯ ಮಾತು. ಶ್ರೀದೇವಿ ತಲೆ ಆಡಿಸಿದಳು. ವನಿತಾಳ ಮುಖ ಕೂಡ ಸಡಿಲವಾಯಿತು. ಮೂವರೂ ಶಿವಬಸಮ್ಮನ ಹೂಂಗೆ ಕಾದರು.

"ಬೇಡ," ಅಂದಳು ಶಿವಬಸಮ್ಮ.

"ಏನಂದೆ?"

"ಈಗ್ಲೇ ಬೇಡ. ಕಟ್ಟಿಸ್ಕೊಂಡ್ರೆ ದಿನಾ ಪೂಜೆ ಮಾಡ್ಬೇಕು. ಕೈ ಮಾಡುತ್ತೆ, ಕುಚ್ಚು ಕಟ್ದಂಗೆ. ನನಗೆ ಹಂಗೆ ಮಾಡೋಕೆ ಇಷ್ಟ ಇಲ್ಲ. ಬೇಕು ಅಂತ ಅನ್ನಿಸ್ದಾಗ ನಾನೇ ಹೋಗ್ತೀನಿ."

"ಅನ್ನಿಸ್ದೇ ಹೋದ್ರೆ?"

"ಗೊತ್ತಿಲ್ಲ."

ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ಶ್ರೀದೇವಿಗೆ ಕೆಲಸ ಮುಗಿಯಬೇಕಿತ್ತು, ಮೆಲ್ಲಗೆ ಕೇಳಿದಳು. "ಹಂಗಾದ್ರೆ ದಡದಲ್ಲಿ ಕೂರೋರು ಯಾರು? ನನಗಂತೂ ಬಿಸಿಲಲ್ಲಿ ತಲೆ ಸುತ್ತುತ್ತೆ, ಡಾಕ್ಟ್ರು ಬೇಡ ಅಂದಿದಾರೆ. ವನಿತಾ?"

"ನಾನು ದುಡ್ಡು ಕೊಟ್ಟು ಮರಳಲ್ಲಿ ಕೂರೋಕೆ ಬರ್ಲಾ?"

"ನಾನು ಕೂರ್ತೀನಿ," ಅಂದಳು ರುದ್ರಮ್ಮ.

"ನೀವಾ? ಮೀನು ಮೀನು ಅಂತ ಜೀವ ತಿಂದಿದ್ದು ನೀವೇ ಅಲ್ವಾ ರುದ್ರಮ್ಮಕ್ಕ?"

"ಮಂಡಿ ನೋವು ಕಣೇ. ಟ್ಯೂಬಲ್ಲಿ ಹೆಂಗೂ ನನ್ನನ್ನ ತುರುಕೋಕಾಗಲ್ಲ, ಅಂಡಮಾನಲ್ಲಿ ಅಷ್ಟು ದೊಡ್ಡ ಟ್ಯೂಬು ಸಿಗಲ್ಲ. ಬರ್ಕೊ. ದಡದಲ್ಲಿ ರುದ್ರಮ್ಮ."

ಅವಳು ನಗಿಸಲು ಹೇಳಿದಳು. ವನಿತಾ ನಕ್ಕಳು ಕೂಡ. ಶಿವಬಸಮ್ಮನಿಗೆ ನಗು ಬರಲಿಲ್ಲ. ಆದರೆ ರುದ್ರಮ್ಮ ವಿಡಿಯೋದಲ್ಲಿನ ಮೀನುಗಳ ಬಣ್ಣ ಹೇಳುವಾಗ ಕೈಬೆರಳು ಹೇಗೆ ಆಡಿಸಿದ್ದಳು ಅನ್ನುವುದನ್ನು ಶಿವಬಸಮ್ಮ ನೋಡಿದ್ದಳು. ಮಂಡಿ ನೋವು ಅವಳಿಗೆ ಆಗಲೂ ಇತ್ತು.

"ನಾನು ಇಳೀತೀನಿ," ಅಂದಳು ಶಿವಬಸಮ್ಮ.

"ನೀರಿಗಾ? ಈಜು ಬರುತ್ತಾ ನಿಮಗೆ?" ಅಂದಳು ಶ್ರೀದೇವಿ.

"ಇಲ್ಲ. ಟ್ಯೂಬು ಇರುತ್ತೆ ಅಂದ್ರಲ್ಲ. ಕಳ್ಕೊಳ್ಳೋಕೆ ನನ್ನ ಹತ್ರ ಏನೂ ಇಲ್ಲ. ಮೀನು ನೋಡಿ ಬಂದು ಯಾವ ಬಣ್ಣ, ಎಷ್ಟು ಪಟ್ಟೆ, ಎಲ್ಲ ರುದ್ರಮ್ಮಕ್ಕನಿಗೆ ಹೇಳ್ತೀನಿ."

"ಭಯ ಆಗಲ್ವೇನೇ?" ಅಂದಳು ರುದ್ರಮ್ಮ.

ಶಿವಬಸಮ್ಮ ಒಳಗೆ ಹುಡುಕಿದಳು. ಇದೆಯೋ ಇಲ್ಲವೋ ತಿಳಿಯಲಿಲ್ಲ. "ಇಳಿದ ಮೇಲೆ ನೋಡ್ತೀನಿ," ಅಂದಳು.

ಶ್ರೀದೇವಿ ಫೋನಿನಲ್ಲಿ ಬರೆದುಕೊಂಡಳು. ಶಿವಬಸಮ್ಮನ ದಿನ ಇನ್ನೂ ಖಾಲಿ ಇತ್ತು. ಅದು ಹಾಗೇ ಇರಲಿ, ಅವತ್ತು ಎಲ್ಲರೂ ಮಲಗಿ ಸುಧಾರಿಸಿಕೊಳ್ಳೋಣ ಅಂತ ರುದ್ರಮ್ಮ ತೀರ್ಪು ಕೊಟ್ಟಳು. ಉಳಿದದ್ದು ರೂಮಿನ ವಿಷಯ. ವನಿತಾ ಕಿಟಕಿಯ ಕಡೆ ನೋಡುತ್ತಿದ್ದಳು.

"ವನಿತಾ, ನೀನು ಶ್ರೀದೇವಿ ಜೊತೆ ಇರು," ಅಂದಳು ರುದ್ರಮ್ಮ. "ಇವಳನ್ನ ನನ್ನ ರೂಮಿಗೆ ಹಾಕು. ಶಿವಬಸೂ, ಈಗ್ಲೇ ಹೇಳಿಬಿಡ್ತೀನಿ, ನಾನು ಗೊರಕೆ ಹೊಡೀತೀನಿ. ಆಮೇಲೆ ನಿದ್ದೆ ಬರ್ಲಿಲ್ಲ ಅಂತ ಗೊಣಗ್ಬೇಡ."

"ಹೊಡೀರಿ," ಅಂದಳು ಶಿವಬಸಮ್ಮ. "ಎಂಟು ತಿಂಗಳಿಂದ ಅದಿಲ್ದೇ ನಿದ್ದೆ ಬರ್ತಿಲ್ಲ."