ಬಿಲ್ಲೆಯ ಒಳಗಿನ ಗಂಧ

ಮೆಷಿನ್ ನಡುಗಿದ್ದು ನನ್ನಿಂದ. ಅಕ್ಕನ ಕೈಯಿಂದ ಅಲ್ಲ. ಈ ಎರಡು ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ಹೇಳಬೇಕಾದವರಿಗೆ ಇನ್ನೂ ಹೇಳಿಲ್ಲ.

ಮೆಟ್ಟೂರಿನಿಂದ ಕೊಳತ್ತೂರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಪಟ್ಟರೆ, ಅಂದರೆ ಮರಗೆಲಸದ ಕಾರ್ಖಾನೆ ಇದೆ. ಬಾಗಿಲು, ಕಿಟಕಿಯ ಚೌಕಟ್ಟು ಮಾಡುತ್ತೇನೆ. ನಾನು ಚಿಂತೆಯ ಮನುಷ್ಯ. ಬೀಗ ಹಾಕಿ ಹೊರಟವನು ಬಸ್ ಸ್ಟಾಪಿನಿಂದ ತಿರುಗಿ ಬಂದು ಎಳೆದು ನೋಡುತ್ತೇನೆ. ಎಳೆದದ್ದರಿಂದಲೇ ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಎಳೆಯುತ್ತೇನೆ. ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಗರಗಸದ ಮೆಷಿನ್ ಬಂದ ಮೇಲಂತೂ ನನ್ನ ಚಿಂತೆಗೆ ಕಾಯಂ ಕೆಲಸ ಸಿಕ್ಕಿತು. ಅದು ಓಡುವಾಗ ಮೇಜಿನ ಮೇಲೆ ತುಂಬಿದ ಟೀ ಗ್ಲಾಸು ಇಟ್ಟು ನೋಡುತ್ತಿದ್ದೆ. ಟೀ ಮೇಲೆ ಅಲೆ ಏಳದಿದ್ದರೆ ಆ ದಿನ ನೆಮ್ಮದಿ. ಬಿಸಿ ಟೀ ಕುಡಿದ ನೆನಪು ಮಾತ್ರ ನನಗಿಲ್ಲ.

ಆ ವರ್ಷದ ಆಯುಧಪೂಜೆ. ಅವ್ವ ಹೋದಾಗಿನಿಂದ ನಮ್ಮ ಉಳಿ, ಕೀಸುಳಿ, ಎಲ್ಲಕ್ಕೂ ಮೊದಲ ಬೊಟ್ಟು ನನ್ನ ಅಕ್ಕ ಕೆಂಪಕ್ಕನದೇ. ಅದರ ಹಿಂದಿನ ವರ್ಷ ಭಾವ ತೀರಿಕೊಂಡಿದ್ದರು. ಅಕ್ಕ ಈ ಸಲ ಬೇಡ ಎಂದಳು. "ನೀನೇ ಇಡಬೇಕು" ಎಂದು ಹಟ ಹಿಡಿದವನು ನಾನು. ಎಷ್ಟು ದೊಡ್ಡ ಮನಸ್ಸು ನನ್ನದು ಎಂದು ಒಳಗೊಳಗೇ ಬೀಗಿದ್ದೆ — ಈಗ ಅದನ್ನು ನೆನೆದರೆ…

ಅಕ್ಕ ಬಟ್ಟಲು ತುಂಬ ಗಂಧ ತೇಯ್ದು, ಮೆಷಿನ್ನಿನ ಮುಂದಿನ ತಗಡಿಗೆ ಮೂರು ಬೊಟ್ಟಿಟ್ಟು ಮನೆಗೆ ಹೋದಳು. ನನಗೆ ಸಮಾಧಾನವಾಗಲಿಲ್ಲ. ಬೊಟ್ಟು ಇರುವುದು ಹೊರಗೆ, ತಿರುಗುವುದು ಒಳಗೆ. ದೇವರು ಹೊರಗಿನದನ್ನಷ್ಟೇ ಕಾಯಲು ಒಪ್ಪಿಕೊಂಡರೆ? ನಟ್ಟು ಬಿಚ್ಚಿ, ಬ್ಲೇಡನ್ನು ಪಕ್ಕದಿಂದ ಒತ್ತಿ ಹಿಡಿಯುವ ದಪ್ಪ ಬಿಲ್ಲೆ ತೆಗೆದು, ಅದರ ಒಳಮೈಗೆ ಉಳಿದ ಗಂಧವನ್ನೆಲ್ಲ ಬಳಿದೆ. ನಡುವೆ ಕುಂಕುಮ ಬೇರೆ. ಮತ್ತೆ ಬಿಗಿದೆ. ಯಾರೂ ನೋಡಲಿಲ್ಲ, ನಾಚಿಕೆಯಾಗಿ ನಾನೂ ಹೇಳಲಿಲ್ಲ.

ಮರುದಿನ ವಿಜಯದಶಮಿ, ಮೆಷಿನ್ ಮತ್ತೆ ಓಡಿಸುವ ದಿನ. ಹೆಂಡತಿಯ ಅಪ್ಪ, ಅಂದರೆ ನನ್ನ ಮಾವ, ನೆಂಟರನ್ನು ಕರೆದುಕೊಂಡು ಬಂದಿದ್ದರು. ಅಕ್ಕನೂ ಬಂದು ಹಿಂದೆ ನಿಂತಿದ್ದಳು. ಸ್ವಿಚ್ ಒತ್ತಿದೆ. ಮೇಜು ಗಡಗಡ ನಡುಗಿತು. ಟೀ ಗ್ಲಾಸು ಉರುಳಿ ಬಿತ್ತು. ಆಫ್ ಮಾಡಿದೆ.

"ಏನ್ ಮಾಪ್ಳೆ, ಯಾರು ಇದುಕ್ಕೆ ಬೊಟ್ಟಿಟ್ಟೋರು?" ಎಂದು ಅಳಿಯನಾದ ನನ್ನನ್ನು ಕೇಳಿದರು ಮಾವ.

ಅವರು ಏನು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

"ಅಕ್ಕ" ಎಂದೆ.

ಒಂದೇ ಮಾತು. ಸುಳ್ಳೂ ಅಲ್ಲ — ಅದರ ಮರೆಯಲ್ಲೇ ಇಷ್ಟು ಕಾಲ ಬಚ್ಚಿಟ್ಟುಕೊಂಡೆ.

"ಅಂಗಾದ್ರೆ ಇನ್ನೇನೈತೆ. ಒರಸ್ಬುಟ್ಟು ನನ್ ಮಗಳ ಕೈಲಿ ಇಡ್ಸಿ."

ಅಕ್ಕನೇ ಒದ್ದೆ ಬಟ್ಟೆ ತಂದು ತನ್ನ ಮೂರು ಬೊಟ್ಟನ್ನೂ ಒರೆಸಿದಳು. ಆಮೇಲೆ ಗಂಧದ ಬಟ್ಟಲು ತೊಳೆಯಲು ಎತ್ತಿಕೊಂಡು, ಅದರೊಳಗೆ ನೋಡಿ, ಒಮ್ಮೆ ನನ್ನನ್ನು ನೋಡಿದಳು. ನಾನು ಬೆಲ್ಟ್ ಪರೀಕ್ಷಿಸುವವನಂತೆ ಬಗ್ಗಿದೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಮೆಷಿನ್ ಬಿಚ್ಚಿದೆ. ಬೆಲ್ಟ್ ಕಳಚಿ ಮೋಟರ್ ಒಂದನ್ನೇ ಓಡಿಸಿದೆ — ನಡುಕವಿಲ್ಲ. ಬೆಲ್ಟ್ ಹಾಕಿ, ಬ್ಲೇಡಿಲ್ಲದೆ ಓಡಿಸಿದೆ — ಇಲ್ಲ. ಬ್ಲೇಡು ಹಾಕಿ ಬಿಗಿದರೆ ನಡುಕ. ಬೇರೆ ಬ್ಲೇಡು ಹಾಕಿದರೂ ಅದೇ ನಡುಕ. ಉಳಿದದ್ದು ಬಿಲ್ಲೆ ಒಂದೇ. ಅದು ಮೊದಲೇ ಗೊತ್ತಿದ್ದೂ ಊರೆಲ್ಲ ಸುತ್ತಿಕೊಂಡು ಬಂದಿದ್ದೆ. ಬೇರಿಂಗ್ ಕೆಟ್ಟಿರಲಪ್ಪಾ ಎಂದು ಬೇಡಿಕೊಂಡ ಬಡಗಿ ಬೇರೆ ಯಾರೂ ಇರಲಾರ. ಬಿಲ್ಲೆಯ ಒಳಮೈಯಲ್ಲಿ ಗಂಧ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಒಣಗಿ ಹಕ್ಕಳೆ ಕಟ್ಟಿತ್ತು. ಅದರಿಂದ ಬ್ಲೇಡು ಸೊಟ್ಟ ಕೂತು ತಿರುಗುತ್ತಿತ್ತು. ಉಗುರಲ್ಲಿ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಬಿಗಿದು ಓಡಿಸಿದೆ. ಟೀ ಅಲುಗಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದು ಹೊಸ ಬೊಟ್ಟಿಟ್ಟಳು. ಹಿಂದೆಯೇ ನೆಂಟರೊಂದಿಗೆ ಬಂದ ಮಾವ, ಮೆಷಿನ್ ನಡುಗದೆ ಓಡುವುದನ್ನು ಕಂಡು ಅವರಿಗೆ ಅಂದರು:

"ನೋಡುದ್ರಾ? ಬೊಟ್ಟು ಬದ್ಲಾಯ್ಸಿದ್ ಮ್ಯಾಕೆ ಎಂಗ್ ಓಡ್ತೈತೆ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ. ಗಂಧದ ಪುಡಿ ಇನ್ನೂ ನನ್ನ ಉಗುರಲ್ಲೇ ಇತ್ತು. "ಹ್ಞೂಂ" ಎಂದೆ.

ಆಮೇಲೆ ಅಕ್ಕ ಪಟ್ಟರೆಗೆ ಕಾಲಿಡಲಿಲ್ಲ. ಮೊನ್ನೆ ನನ್ನ ಮಗಳ ನಿಶ್ಚಯ. ಹಿರಿಯರು ಒಬ್ಬೊಬ್ಬರಾಗಿ ಅವಳಿಗೆ ಗಂಧ ಹಚ್ಚುತ್ತಿದ್ದರು. "ಅತ್ತೆ, ನೀನೂ ಬಾ" ಎಂದು ಮಗಳು ಕೂಗಿದಳು. ಅಡುಗೆಮನೆ ಬಾಗಿಲಲ್ಲೇ ನಿಂತು ಅಕ್ಕ ಅಂದಳು:

"ನನ್ ಕೈಗೆ ಮೆಷಿನ್ನೇ ನಡುಗೋಯ್ತು ಕಣವ್ವ. ನೀನು ಬ್ಯಾರೆ ಈಗ್ಲೇ ನಡುಗ್ತಾ ಕುಂತಿದ್ದೀಯ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನೂ.

ಆ ನಗು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ವಾರ ಕಳೆಯುವುದರೊಳಗೆ ಪಾಲಮಲೆಯ ಬುಡದಲ್ಲಿರುವ ಅಕ್ಕನ ಮನೆಗೆ ಹೋದೆ. ಬಸ್ಸಿನಲ್ಲಿ ಕೂತು ಮಾತು ಜೋಡಿಸಿದ್ದೆ. ಅತ್ತರೆ ಏನು ಹೇಳಬೇಕು, ಬೈದರೆ ಏನು. ಅಕ್ಕ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ತಡವರಿಸುತ್ತ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಬಟ್ಲು ತೊಳ್ದೋಳು ನಾನೇ ಅಲ್ವೇನ್ಲಾ? ತುಂಬ ತೇದಿದ್ದೆ, ಮೂರ್ ಬೊಟ್ಟಿಟ್ಟೆ. ಮಿಕ್ಕಿದ್ದು ಎಲ್ಲೋಯ್ತು? ಬೀಗಾನೇ ಮೂರ್ ಸಲ ಎಳೆಯೋನು ನೀನು. ಬೊಟ್ಟು ಒಂದೇ ಕಡೆ ಇದ್ರೆ ಸುಮ್ಕಿರ್ತೀಯಾ?"

"ಗೊತ್ತಿದ್ದೂ ಯಾಕಕ್ಕ ಯೋಳ್ಲಿಲ್ಲ?"

"ನೀನು ಯೋಳ್ತೀಯ ಅಂತಿದ್ದೆ."

ಒಂದಿಷ್ಟು ಬೀಜ ನನ್ನ ಕೈಗೆ ಹಾಕಿದಳು. "ಈಗ ನಂಗೇ ಯೋಳಕ್ಕೆ ಬಂದವ್ನೆ. ನಂಗ್ ಗೊತ್ತಿರೋದ್ನ."

ಕ್ಷಮೆ ಕೇಳುವವನಂತೆ ಹೋಗಿ, ನಿಜವಾಗಿ ಸುಲಭದ ಜಾಗಕ್ಕೇ ಹೋಗಿದ್ದೆ ಎಂದು ಆಗ ತಿಳಿಯಿತು. ಆ ಸತ್ಯ ಅಕ್ಕನಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಅವತ್ತು ಪಟ್ಟರೆಯಲ್ಲಿ ನಿಂತಿದ್ದವರಿಗೆ, ನಿಶ್ಚಯದ ದಿನ ನಕ್ಕವರಿಗೆ.

ಮಗಳ ಮದುವೆಗೆ ಮೊದಲು ಇನ್ನೊಂದು ಆಯುಧಪೂಜೆ ಬರುತ್ತದೆ. ಮಾವ ಬರುತ್ತಾರೆ, ನೆಂಟರೂ ಬರುತ್ತಾರೆ. ಅಕ್ಕ ಬರುವಳೋ ಇಲ್ಲವೋ, ಕರೆಯುವ ಮುಖ ನನಗಿನ್ನೂ ಇಲ್ಲ. ಮೆಷಿನ್ ಓಡಿಸುವ ಮೊದಲು ನಟ್ಟು ಬಿಚ್ಚಿ, ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಅವತ್ತಿನ ಪ್ರಶ್ನೆಯನ್ನು ನಾನೇ ಎತ್ತಬೇಕು. ಮಾವ ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ ಕೊಟ್ಟಿದ್ದೆ. ತಿದ್ದಿದ ಉತ್ತರವೂ ಒಂದೇ ಮಾತು.

ನಾನು.